ಮೂರು ದಿನದ ಹಾಜರಿ

ನನ್ನ ಬಲಗೈ ಇಸ್ತ್ರಿ ರೋಲರಿನಿಂದ ನಾಲ್ಕೇ ಬೆರಳು ದೂರದಲ್ಲಿತ್ತು. ಅಂಗಿಯ ತೋಳಿನ ಗುಂಡಿ ಕಾದು ಮಣಿಕಟ್ಟನ್ನು ಸುಡುತ್ತಿತ್ತು.

"ಹೇಳು ಮುದುಕಾ! ಇಲ್ಲಿ ಏನು ಮೂಸ್ತಾ ಇದೀಯ?"

ಕೈ ಹಿಡಿದವನು ಗೂಳಿ. ಲಾಂಡ್ರಿಯ ವ್ಯಾನ್ ಡ್ರೈವರ್. ಧಣಿಯ ಬಂಟ. ಕುತ್ತಿಗೆಯೇ ಇಲ್ಲದ ಮನುಷ್ಯ. ತಲೆ ನೇರವಾಗಿ ಭುಜದ ಮೇಲೆ ಕೂತಿತ್ತು. ಕೆಲಸಗಾರರು ಹೆಸರನ್ನು ನೋಡಿಯೇ ಇಟ್ಟಿದ್ದರು.

"ನನ್ನ ಅಳಿಯ ಎಲ್ಲಿ?"

"ಡ್ಯೂಟೀಲಿದಾನೆ. ಕಾರ್ಡ್ ನೋಡಿದೆಯಲ್ಲ!"

"ಕಾರ್ಡ್ ನೋಡ್ದೆ. ಮನುಷ್ಯನ್ನ ತೋರ್ಸು."

ಕೈ ಇನ್ನೊಂದು ಬೆರಳು ಹತ್ತಿರ ಹೋಯಿತು...

ನನಗೆ ಅರವತ್ತಾರು ವರ್ಷ. ಇಂಥ ಹಿಡಿತಗಳನ್ನು ಬಹಳ ಕಂಡಿದ್ದೇನೆ. ನಿಜವಾಗಿ ಸುಡುವವನು ಸುಡುತ್ತಾನೆ, ಮಾತಾಡುವುದಿಲ್ಲ. ಇವನು ಮಾತಾಡುತ್ತಿದ್ದ. ಹಣೆಯ ಮೇಲೆ ಬೆವರಿತ್ತು. ಅದು ರೋಲರಿನ ಬಿಸಿಗೆ ಬಂದ ಬೆವರಲ್ಲ.

"ನೀನೇ ಹೆದ್ರಿದೀಯಲ್ಲೋ," ಎಂದೆ. "ಯಾಕೆ?"

ಅಷ್ಟೇ ಸಾಕಾಯಿತು.

"ಸತ್ತ! ಗೊತ್ತಾಯ್ತಾ? ಶನಿವಾರಾನೇ ಸತ್ತ ನಿನ್ನ ಅಳಿಯ! ನಾನು ಬಿಟ್ಟು ಬಂದಾಗ ಉಸಿರಾಡ್ತಿದ್ದ... ದೇವರಾಣೆ, ಉಸಿರಾಡ್ತಿದ್ದ!"

ಅವತ್ತು ಬುಧವಾರ. ಬೆಳಿಗ್ಗೆ ಹನ್ನೊಂದು ಗಂಟೆ. ಸುದ್ದಿ ನನಗೆ ತಿಳಿದದ್ದು ಹೀಗೆ.

ಭಗವಂತಾ, ಇದನ್ನು ನಿನಗಲ್ಲದೆ ಬೇರೆ ಯಾರಿಗೂ ಹೇಳುವಂತಿಲ್ಲ. ನಿನಗೆ ಮೊದಲೇ ಗೊತ್ತು. ಆದರೂ ಕೇಳು. ಕೇಳುವುದು ನಿನ್ನ ಡ್ಯೂಟಿ.

ನನ್ನನ್ನು ಈ ಊರಲ್ಲಿ ಫೈಲು ಮಾಮ ಎನ್ನುತ್ತಾರೆ. ಹೊರದೇಶದಿಂದ ದುಡಿಯಲು ಬಂದವರ ಪಿಆರ್ ಫೈಲು ಕಟ್ಟುವುದು ಮೂವತ್ತು ವರ್ಷದಿಂದ ನನ್ನ ಕೆಲಸ. ಪಿಆರ್ ಎಂದರೆ ಇಲ್ಲಿ ಕಾಯಂ ಆಗಿ ಉಳಿಯುವ ಪರವಾನಗಿ. ಬರೀ ಕಾಗದದ ಕೆಲಸವಲ್ಲ ಅದು. ತಲೆಮರೆಸಿಕೊಂಡ ಧಣಿಗಳನ್ನು ಹುಡುಕಿದ್ದೇನೆ. ಪಾಸ್‌ಪೋರ್ಟ್ ಬಚ್ಚಿಟ್ಟವನ ಬೀರು ಒಡೆಸಿದ್ದೇನೆ. ಎರಡು ಹಲ್ಲು ಕಳೆದುಕೊಂಡಿದ್ದೇನೆ. ಒಂದು ದಿನವೂ ನಿನಗೆ ದೀಪ ಹಚ್ಚದೆ ಮನೆ ಬಿಟ್ಟಿಲ್ಲ.

ನಿಯಮ ಸರಳ. ಧಣಿ ಸ್ಪಾನ್ಸರ್ ಮಾಡಬೇಕು. ಅವನ ಬಳಿಯೇ ಮೂರು ವರ್ಷ, ಒಂದು ದಿನವೂ ತಪ್ಪದೆ ದುಡಿಯಬೇಕು. ತುಂಬಿದ ದಿನ ಅವನು ಸರ್ಟಿಫಿಕೇಟ್ ಕೊಡುತ್ತಾನೆ. ಗಂಡ, ಹೆಂಡತಿ, ಮಕ್ಕಳು ಎಲ್ಲರಿಗೂ ಪಿಆರ್. ನಡುವೆ ಕೆಲಸ ಬಿಟ್ಟರೆ, ಅಥವಾ ಸತ್ತರೆ... ಉಳಿದವರು ಮೂವತ್ತು ದಿನದಲ್ಲಿ ದೇಶ ಬಿಡಬೇಕು.

ಅಕ್ಕ ತೀರಿಕೊಂಡಾಗ ಅವಳ ಮಗ, ಈ ನನ್ನ ಅಳಿಯ, ಎಂಟು ವರ್ಷದವನು. ಇಲ್ಲಿಂದಲೇ ದುಡ್ಡು ಕಳಿಸಿ ನಾನೇ ಸಾಕಿದೆ. ಮದುವೆ ಮಾಡಿದೆ. ಮೂರು ವರ್ಷದ ಹಿಂದೆ ಇಲ್ಲಿಗೆ ಕರೆಸಿ ಈ ಲಾಂಡ್ರಿಗೆ ಸೇರಿಸಿದವನೂ ನಾನೇ. ಆಸ್ಪತ್ರೆ, ಹೋಟೆಲುಗಳ ಬೆಡ್‌ಶೀಟು ಒಗೆಯುವ ದೊಡ್ಡ ಲಾಂಡ್ರಿ. ಹನ್ನೆರಡು ಜನ ಕೆಲಸಗಾರರು. ಹನ್ನೆರಡು ಫೈಲುಗಳನ್ನೂ ಕಟ್ಟಿದವನು ನಾನು.

"ಊರಿನ ಹಾಸಿಗೆಯೆಲ್ಲ ನಾನೇ ಒಗೀತೀನಿ ಮಾಮ," ಎನ್ನುತ್ತಿದ್ದ ಅಳಿಯ. "ಮಲಗೋಕೆ ಮಾತ್ರ ಟೈಮಿಲ್ಲ!"

ಅವನ ಮಗಳಿಗೆ ಆರು ವರ್ಷ. ಹುಟ್ಟಿನಿಂದ ಕಿವಿ ಕೇಳದು. ಇಲ್ಲಿನ ಶಾಲೆಯಲ್ಲಿ ಕೈಮಾತು ಕಲಿತು, ಈಗ ಬೆರಳಲ್ಲೇ ಜಗಳವಾಡುತ್ತಾಳೆ. ನಾವು ಬಿಟ್ಟು ಬಂದ ಕಡೆ ಅಂಥ ಶಾಲೆ ಇಲ್ಲ. ಅಲ್ಲಿ ಅವಳು ಮೂಲೆಯಲ್ಲಿ ಕೂತಿದ್ದಳು. ಅವನು ಮೂರು ವರ್ಷ ಒಗೆದದ್ದು ಅದಕ್ಕೆ. ಬೇರೆ ಯಾವುದಕ್ಕೂ ಅಲ್ಲ.

ಮೂರು ವರ್ಷ ತುಂಬುವುದು ಮಂಗಳವಾರಕ್ಕೆ. ಅದರ ಹಿಂದಿನ ಶುಕ್ರವಾರ ಅವನು ಫೋನ್ ಮಾಡಿದ.

"ಮಾಮ, ಎದೆ ಹಿಡ್ಕೊಂಡ ಹಾಗಾಗ್ತಿದೆ. ಎಡಗೈ ಜೋಮು."

"ಗ್ಯಾಸ್ ಇರ್ಬೇಕು ಕಣೋ."

"ನಾಳೆ ರಜೆ ಹಾಕಿ ಡಾಕ್ಟ್ರ ಹತ್ರ ಹೋಗ್ಲಾ?"

"ರಜೆಯಾ? ಈಗ? ನಾಲ್ಕೇ ದಿನ ಇದೆ. ಬುಧವಾರ ನಾನೇ ಕರ್ಕೊಂಡು ಹೋಗ್ತೀನಿ. ತಡ್ಕೋ."

"ಆಯ್ತು ಮಾಮ."

ತಡೆದುಕೊಂಡ. ಒಂದು ದಿನ.

ಶನಿವಾರ ಅವನು ಮನೆಗೆ ಬರಲಿಲ್ಲ. ಅವನ ಹೆಂಡತಿ ಲಾಂಡ್ರಿಗೆ ಫೋನ್ ಮಾಡಿದಳು. 'ಡಬಲ್ ಶಿಫ್ಟು, ಇಲ್ಲೇ ಮಲಗ್ತಾನೆ' ಎಂದರು. ಭಾನುವಾರ, ಸೋಮವಾರ, ಮಂಗಳವಾರ... ಅದೇ ಉತ್ತರ. ಬುಧವಾರ ಬೆಳಿಗ್ಗೆ ಅವಳು ನನಗೆ ಹೇಳಿದಳು. ನಾನು ಬಂದೆ. ಬಾಗಿಲ ಬಳಿ ಪಂಚಿಂಗ್ ಮೆಷೀನು, ಪಕ್ಕದಲ್ಲಿ ಕಾರ್ಡುಗಳ ಗೂಡು. ಅಳಿಯನ ಕಾರ್ಡಿನಲ್ಲಿ ಮಂಗಳವಾರದವರೆಗೂ ಹಾಜರಿ ಬಿದ್ದಿತ್ತು. ಒಳಗೆ ಅವನಿರಲಿಲ್ಲ. ಎರಡು ಪ್ರಶ್ನೆ ಕೇಳಿದೆ. ಮೂರನೆಯದು ಕೇಳುವ ಮೊದಲೇ ಗೂಳಿ ಬಂದಿದ್ದ.

ಈಗ ಅವನು ಕೂಗಿದ ಮಾತು ಇಡೀ ಹಾಲಿಗೆ ಕೇಳಿಸಿತ್ತು.

ಒಂದೊಂದೇ ಮೆಷೀನು ನಿಂತಿತು.

ಚಾದರಗಳ ಸಾಲಿನಿಂದ ಇಸ್ತ್ರಿ ಅಣ್ಣ ಹೊರಗೆ ಬಂದ. ಅಲ್ಲಿನ ಕೆಲಸಗಾರರಲ್ಲಿ ಹಿರಿಯ. ಮುಖ ಒಗೆದ ಬಟ್ಟೆಯ ಹಾಗೆ ಬೆಳ್ಳಗಾಗಿತ್ತು.

"ಏನಂದೆ ಗೂಳಿ? ಆಸ್ಪತ್ರೇಲಿ ಚೆನ್ನಾಗಿದಾನೆ, ಬುಧವಾರ ಬರ್ತಾನೆ ಅಂದಿದ್ಯಲ್ಲೋ!"

"ನಿನ್ನ ಕೆಲಸ ನೋಡ್ಕೋ!"

"ಯಾರಿಗೂ ಹೇಳ್ಬೇಡಿ, ಗೊತ್ತಾದ್ರೆ ಇನ್‌ಸ್ಪೆಕ್ಷನ್ ಬರತ್ತೆ ಅಂದ್ರಿ... ನಾವು ಅವನ ಹೆಂಡ್ತಿಗೇ ಸುಳ್ಳು ಹೇಳಿದ್ವಲ್ಲೋ!" ಅವನು ನನ್ನ ಕಡೆ ತಿರುಗಿದ. "ಮಾಮ... ಮೂರು ದಿನ ನಾನೇ ಅವನ ಕಾರ್ಡ್ ಪಂಚ್ ಮಾಡ್ದೆ. ಅವನ ಲೆಕ್ಕ ತಪ್ಪಬಾರ್ದು ಅಂತ..."

ನನಗೆ ಆಶ್ಚರ್ಯವಾಗಲಿಲ್ಲ. ಆ ಲಾಂಡ್ರಿಯಲ್ಲಿ ಅದು ವಾಡಿಕೆ. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಅವನ ಕಾರ್ಡ್ ಪಂಚ್ ಮಾಡುತ್ತಾನೆ, ಅವನ ಪಾಲಿನ ಮೂಟೆಯನ್ನೂ ಒಗೆಯುತ್ತಾನೆ. ಯಾರೂ ಹೇಳಿಕೊಟ್ಟದ್ದಲ್ಲ. ಯಾರೂ ಥ್ಯಾಂಕ್ಸ್ ಹೇಳುವುದೂ ಇಲ್ಲ. ಹನ್ನೆರಡು ಜನ, ಮೂರು ವರ್ಷ, ಒಬ್ಬನ ಲೆಕ್ಕವೂ ಮುರಿದಿಲ್ಲ. ಬೇರೆ ಎಲ್ಲಾದರೂ ಆಗಿದ್ದರೆ ಅಳಿಯನ ಕಾರ್ಡ್ ಶನಿವಾರಕ್ಕೇ ನಿಂತಿರುತ್ತಿತ್ತು.

ಕಾರ್ಡ್!

ಗೂಳಿಗೂ ಆ ಕ್ಷಣವೇ ಹೊಳೆಯಿತು. ಸತ್ತವನ ಹೆಸರಿನಲ್ಲಿ ಮೂರು ದಿನದ ಹಾಜರಿ ಆ ಗೂಡಿನಲ್ಲಿತ್ತು. ಅವನ ಹಿಡಿತ ಸಡಿಲಿತು. ನಾನು ಕೈ ಕಿತ್ತುಕೊಂಡು ಓಡಿದೆ!

"ಹಿಡೀರೋ ಅವನ್ನ!"

ಯಾರೂ ಹಿಡಿಯಲಿಲ್ಲ.

ಹಿಂದಿನಿಂದ ಬುಸ್ಸೆಂದು ಹಬೆ ಎದ್ದಿತು. ಇಸ್ತ್ರಿ ಅಣ್ಣ ವಾಲ್ವ್ ತಿರುಗಿಸಿದ್ದ. ಲಾಂಡ್ರಿಯೆಲ್ಲ ಬೆಳ್ಳಗಾಯಿತು. ಒದ್ದೆ ಚಾದರಗಳು ಮುಖಕ್ಕೆ ಬಡಿದವು. ಒಂದು ಸರಿಸಿದರೆ ಇನ್ನೊಂದು... ಗೂಡು ಕೈಗೆ ಸಿಕ್ಕಿತು. ಕಾರ್ಡ್ ಎಳೆದು ಅಂಗಿಯೊಳಗೆ ತುರುಕಿದೆ.

ಬಾಗಿಲಲ್ಲಿ ಗೂಳಿ!

ಹಿಂದೆ ತಿರುಗಿದೆ. ವ್ಯಾನಿನ ಅಂಗಳಕ್ಕೆ ಬಟ್ಟೆ ಗಾಡಿಗಳನ್ನು ಇಳಿಸುವ ಇಳಿಜಾರು ಇತ್ತು. ಓಡುವ ಕಾಲು ನನ್ನದಲ್ಲ. ಜಾರಲು ಕಾಲು ಬೇಕಿಲ್ಲ. ಮೈಲಿಗೆ ಬಟ್ಟೆ ತುಂಬಿದ ಗಾಡಿಗೆ ಹೊಟ್ಟೆಯ ಮೇಲೆ ಬಿದ್ದೆ. ಯಾರೋ ಹಿಂದಿನಿಂದ ನೂಕಿದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಗಾಡಿ ಗೋಡೆಗೆ ಬಡಿಯಿತು. ಮೊಣಕೈಯ ಚರ್ಮ ಕಿತ್ತುಹೋಯಿತು. ಎದ್ದೆ. ಗೇಟು ದಾಟಿದೆ. ಎದುರಿಗೆ ಬಂದ ಬಸ್ಸು ಹತ್ತಿ ಆಸ್ಪತ್ರೆಯ ಬಳಿ ಇಳಿದೆ.

ಆಸ್ಪತ್ರೆಯ ಹಿಂದಿನ ಬಾಗಿಲಲ್ಲಿ ಒಂದು ಬೆಂಚು. ಅದರಿಂದ ಇಪ್ಪತ್ತು ಹೆಜ್ಜೆಗೆ ಶವಾಗಾರ. ಬಾಗಿಲ ಮೇಲೆ ಒಂದು ಬೋರ್ಡು, ಸೀಮೆಸುಣ್ಣದ ಅಕ್ಷರ.

ಗುರುತು ಸಿಗದ ಗಂಡಸು. ಸುಮಾರು ಮೂವತ್ತೈದು. ಹಿಂಬಾಗಿಲ ಬೆಂಚಿನ ಮೇಲೆ ಪತ್ತೆ. ಸಾವು ಶನಿವಾರ ಸಂಜೆ ಏಳು ನಲವತ್ತು.

ಕೆಳಗೆ ಸ್ಟೂಲಿನ ಮೇಲೆ ರಿಜಿಸ್ಟರ್. ದಾರ ಕಟ್ಟಿದ ಪೆನ್ನು. 'ಗುರುತು ಹಿಡಿದವರು ಹೆಸರು ಬರೆಯಿರಿ.'

ಪೆನ್ನು ಹಿಡಿದೆ. ಅಕ್ಕನ ಮಗ. ನನ್ನ ಮಗ. ಹೆಸರು ಬರೆದು, ಅವನನ್ನು ಹೊರಗೆ ತಂದು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತುಬಿಡೋಣ ಎಂದುಕೊಂಡೆ.

ಹೆಸರಿನ ಪಕ್ಕದಲ್ಲಿ ತಾರೀಖಿನ ಕಾಲಂ ಇತ್ತು.

ಮೂವತ್ತು ವರ್ಷದ ಅಭ್ಯಾಸ, ಭಗವಂತಾ! ಕಣ್ಣು ಮೊದಲು ತಾರೀಖನ್ನೇ ನೋಡುತ್ತದೆ. ಶನಿವಾರ. ಮೂರು ದಿನ ಕಡಿಮೆ. ಇಲ್ಲಿ ಹೆಸರು ಬಿದ್ದರೆ ಮಗು ಮೂವತ್ತು ದಿನದಲ್ಲಿ ಮತ್ತೆ ಆ ಮೂಲೆಗೆ.

ಹೆಸರು ಬೀಳದಿದ್ದರೆ? ಅವನನ್ನು ಗುರುತು ಹಿಡಿಯುವವರೇ ಇಲ್ಲ. ಮೂರು ವರ್ಷದ ಬ್ಲೀಚಿಂಗ್ ನೀರು ಅವನ ಬೆರಳ ಗೆರೆಗಳನ್ನು ತಿಂದುಹಾಕಿತ್ತು. ಇಮಿಗ್ರೇಷನ್ ಆಫೀಸಿನ ಮೆಷೀನು ನಾಲ್ಕು ಸಲ ಬೇಡವೆಂದಿತ್ತು. ಬೆರಳಚ್ಚಿನ ಬದಲು ಸಹಿ ಸಾಕು ಎಂದು ಅರ್ಜಿ ಬರೆದು ಒಪ್ಪಿಸಿದವನು ನಾನು. ಆವತ್ತು ಎಷ್ಟು ಹೆಮ್ಮೆಪಟ್ಟಿದ್ದೆ!

ಪೆನ್ನು ಕೆಳಗಿಟ್ಟೆ.

ಹೊರಗೆ ಒಂದು ಕಾರು ನಿಂತಿತ್ತು. ಕಿಟಕಿ ಇಳಿಯಿತು. ಒಳಗೆ ಧಣಿ. ಹಬೆಯಲ್ಲೂ ಕೋಟು ಬಿಚ್ಚದವನು. ಕೆಲಸಗಾರರು ಅವನನ್ನು ಕೋಟು ಎಂದೇ ಕರೆಯುತ್ತಾರೆ.

"ಹತ್ತಿ ಮಾಮ. ಕೂತು ಮಾತಾಡೋಣ."

"ಬೇಡ. ನಿಮ್ಮ ಗಾಡಿ ಹತ್ತಿದವರು ಈ ಬೆಂಚಿನ ಮೇಲೇ ಇಳೀತಾರೆ."

ಅವನು ಮುಖ ಆ ಕಡೆ ಮಾಡಿದ. "ಮೆಷೀನ್ ಹತ್ರ ಬಿದ್ದ. ಆಂಬುಲೆನ್ಸ್ ಕರೆಸಿದ್ರೆ ಇನ್‌ಸ್ಪೆಕ್ಷನ್ ಬರ್ತಿತ್ತು. ಬಾಯ್ಲರ್ ಲೈಸೆನ್ಸ್ ಮುಗ್ದು ವರ್ಷ ಆಗಿದೆ. ಆಸ್ಪತ್ರೆಯವರು ನೋಡ್ಕೋತಾರೆ ಅಂತ..."

"ಜೇಬಲ್ಲಿದ್ದ ಐಡಿ ಕಾರ್ಡ್ ಯಾರು ತೆಗೆದಿದ್ದು? ಫೋನ್?"

ಅವನು ಕೋಟಿನ ಗುಂಡಿ ಸರಿಮಾಡಿಕೊಂಡ.

ಅಂಗಿಯೊಳಗಿಂದ ಹಾಜರಿ ಕಾರ್ಡ್ ತೆಗೆದು ತೋರಿಸಿದೆ. "ಶನಿವಾರ ಸತ್ತವನು ಮಂಗಳವಾರದವರೆಗೆ ನಿಮ್ಮಲ್ಲಿ ದುಡಿದಿದಾನೆ. ಈಗ್ಲೇ ಇಮಿಗ್ರೇಷನ್ ಆಫೀಸಿಗೆ ಹೋಗ್ತೀನಿ!"

"ಹೋಗಿ."

ಅವನು ನಗಲಿಲ್ಲ. ಗದರಿಸಲೂ ಇಲ್ಲ. ಅದೇ ನನ್ನನ್ನು ಹೆದರಿಸಿತು.

"ನಾನು ಜೈಲಿಗೆ. ಲಾಂಡ್ರಿಗೆ ಬೀಗ. ನನ್ನ ಸ್ಪಾನ್ಸರ್ ಲೈಸೆನ್ಸ್ ಹೋದ್ರೆ ಹನ್ನೊಂದು ಫೈಲೂ ಕಸದ ಬುಟ್ಟಿಗೆ. ನಿಮ್ಮ ಸೊಸೆ, ಮೊಮ್ಮಗಳು ವಿಮಾನಕ್ಕೆ. ರೂಲ್ಸು ನನಗಿಂತ ನಿಮಗೇ ಚೆನ್ನಾಗಿ ಗೊತ್ತು, ಅಲ್ವಾ ಮಾಮ?"

ಗೊತ್ತಿತ್ತು. ಅದೇ ರೂಲ್ಸಿನ ಮೇಲೆ ಮೂವತ್ತು ವರ್ಷ ಅನ್ನ ತಿಂದಿದ್ದೇನೆ.

ನನ್ನ ಜೀವನದಲ್ಲಿ ಎಷ್ಟು ಧಣಿಗಳ ಕೊರಳಪಟ್ಟಿ ಹಿಡಿದಿದ್ದೇನೆ! ಈ ಕೋಟಿನ ಕಾಲರು ಒಂದು ಗೇಣು ದೂರದಲ್ಲಿತ್ತು. ಕೈ ಏಳಲಿಲ್ಲ.

"ಏನು ಕೊಡ್ತೀರಿ?" ಎಂದೆ. ದನಿ ನನ್ನದಲ್ಲ ಎನಿಸಿತು.

"ಸರ್ಟಿಫಿಕೇಟ್. ಮೂರು ವರ್ಷ ಪೂರ್ತಿ. ಮಂಗಳವಾರ ಡ್ಯೂಟಿ ಮುಗ್ಸಿ, ಕೆಲಸ ಬಿಟ್ಟು ಬೇರೆ ಊರಿಗೆ ಹೋದ ಅಂತ. ಇಂಟರ್‌ವ್ಯೂ, ಸಹಿ ಎಲ್ಲಾ ಆಗಿದೆ. ಆ ಕಾರ್ಡೂ ಫೈಲಿಗೆ ಸೇರ್ಲಿ. ಮೂವರದೂ ಪಿಆರ್ ಪೋಸ್ಟಲ್ಲೇ ಬರತ್ತೆ. ಆದ್ರೆ ಒಂದು..."

"ಹೇಳಿ."

ಅವನು ಶವಾಗಾರದ ಬಾಗಿಲ ಕಡೆ ನೋಡಿದ.

"ಒಳಗಿರೋನು ನಿಮ್ಮವನಲ್ಲ."

ಸಂಜೆ ಅಳಿಯನ ಮನೆಗೆ ಹೋದೆ. ಒಂದು ಕೋಣೆಯ ಮನೆ. ಗೋಡೆಯ ಮೊಳೆಗೆ ಹೊಸ ಅಂಗಿ ನೇತಾಡುತ್ತಿತ್ತು. ಮಗು ನೆಲದ ಮೇಲೆ ಚಿತ್ರ ಬರೆಯುತ್ತಿತ್ತು. ಮಗುವಿನ ಎದುರಿಗೇ ಎಲ್ಲ ಹೇಳಿದೆ. ಅದಕ್ಕೆ ಕೇಳುವುದಿಲ್ಲವಲ್ಲ. ನನ್ನ ಫೋನಿನ ಮಾತು, ಗ್ಯಾಸ್ ಎಂದದ್ದು, ತಡ್ಕೋ ಎಂದದ್ದು, ಅದನ್ನೂ ಹೇಳಿದೆ.

ಅವನ ಹೆಂಡತಿ ಗೋಡೆ ಹಿಡಿದು ಕೂತಳು. ಒಂದೇ ಪ್ರಶ್ನೆ ಕೇಳಿದಳು.

"ಎಷ್ಟು ಗಂಟೆಗೆ ಮಾವ?"

"ಏಳು ನಲವತ್ತು."

"ಆಗ ನಾನು ಆ ಅಂಗಿಗೆ ಗುಂಡಿ ಹೊಲೀತಿದ್ದೆ. ಬುಧವಾರ ಹಾಕ್ಕೊಳ್ಳಲಿ ಅಂತ."

"ನೀನು ಹೇಳಿದ ಹಾಗೆ ಅಮ್ಮಾ. ಹೆಸರು ಬರೀರಿ ಅಂದ್ರೆ ಈಗ್ಲೇ ಹೋಗಿ ಬರೀತೀನಿ. ಆಮೇಲೆ ಬಂದದ್ದು ಬರಲಿ."

ಮಗು ತಲೆ ಎತ್ತಿತು. ಅಮ್ಮನ ಮುಖ ನೋಡಿತು. ಎರಡು ಬೆರಳು ಹಣೆಗೆ ಮುಟ್ಟಿಸಿ, ಅಂಗೈ ತಿರುಗಿಸಿತು. 'ಅಪ್ಪ ಎಲ್ಲಿ?'

ಅವಳು ಮುಷ್ಟಿಯಿಂದ ಅಂಗೈ ಉಜ್ಜಿದಳು, ಬಟ್ಟೆ ಉಜ್ಜುವ ಹಾಗೆ. 'ಡ್ಯೂಟಿ.'

ಮಗು ಮತ್ತೆ ಚಿತ್ರ ಬರೆಯತೊಡಗಿತು.

"ಅವರು ಮೂರು ವರ್ಷ ಯಾತಕ್ಕೆ ಒಗೆದ್ರು ಮಾವ?" ಎಂದಳು. "ಹೆಸರು ಬೇಡ. ಆದ್ರೆ ನಾನು ನೋಡ್ಬೇಕು."

"ಅಲ್ಲಿ ಅಳೋ ಹಾಗಿಲ್ಲ."

"ಗೊತ್ತು."

ಗುರುವಾರ ಹತ್ತು ಗಂಟೆಗೆ ಹೋದೆವು. ಶವಾಗಾರದ ಗುಮಾಸ್ತ ಒಳ್ಳೆಯವನು. ಕುರ್ಚಿ ಎಳೆದು ಹಾಕಿದ. ಇಂಥ ಹೊತ್ತಿನಲ್ಲಿ ಒಳ್ಳೆಯವರು ಸಿಗಬಾರದು.

"ಯಾರನ್ನ ಹುಡುಕ್ತಿದೀರಿ ಅಜ್ಜಾ?"

"ಪಕ್ಕದ ಮನೆಯವರ ತಮ್ಮ. ಜಗಳ ಆಡ್ಕೊಂಡು ಮನೆ ಬಿಟ್ಟಿದಾನೆ. ಅವರಿಗೆ ಬರೋ ಧೈರ್ಯ ಇಲ್ಲ."

"ಈ ಅಮ್ಮನಿಗೆ ಅವನ ಪರಿಚಯವಾ?"

"ಮುಖ ನೋಡಿ ಗೊತ್ತು," ಎಂದಳು ಅವಳು.

ಡ್ರಾಯರ್ ಎಳೆದ. ಬಿಳಿ ಚಾದರ. ಅಂಚಿನಲ್ಲಿ ನೀಲಿ ದಾರದ ಗುರುತು. ಅದೇ ಲಾಂಡ್ರಿಯದು! ಅವನೇ ಒಗೆದ ಚಾದರವೋ ಏನೋ, ಭಗವಂತಾ... ಅದು ನಿನಗೇ ಗೊತ್ತು.

ಗುಮಾಸ್ತ ಮುಖದ ಮೇಲಿನ ಬಟ್ಟೆ ಸರಿಸಿದ.

ಅವಳು ನೋಡಿದಳು. ಒಂದು ಹೆಜ್ಜೆ ಮುಂದಿಟ್ಟಳು. ಮತ್ತೆ ನೋಡಿದಳು. ಮದುವೆಯಾಗಿ ಎಂಟು ವರ್ಷದಲ್ಲಿ ಅವಳು ಗಂಡನನ್ನು 'ಅವರು' ಎನ್ನದೆ ಮಾತಾಡಿದ್ದನ್ನು ನಾನು ಕೇಳಿಲ್ಲ.

"ಇವನಲ್ಲ," ಎಂದಳು.

ಸ್ಪಷ್ಟವಾಗಿ. ತರಕಾರಿ ಬೇಡವೆಂದು ಹೇಳುವ ಹಾಗೆ.

ನಾನು ಡ್ರಾಯರಿನ ಅಂಚಿಗೆ ಕೈ ಚಾಚಿ ಮುಗ್ಗರಿಸಿದೆ. ಗುಮಾಸ್ತ ಹಿಡಿದುಕೊಂಡ.

"ಅಜ್ಜಾ! ಯಾಕೆ? ನಿಮ್ಮವರಲ್ಲ ಅಂದ್ರಲ್ಲ... ಸಮಾಧಾನ ಮಾಡ್ಕೊಳ್ಳಿ!"

"ವಯಸ್ಸಾಗಿದೆ ಅವರಿಗೆ," ಎಂದಳು ಅವಳು. ಆಮೇಲೆ ಗುಮಾಸ್ತನಿಗೆ, "ಇವನ ಕಣ್ಣು ಸರಿಯಾಗಿ ಮುಚ್ಚಿಲ್ಲ. ಮುಚ್ಚಲಾ? ಯಾರ ಮಗನೋ ಪಾಪ."

"ಗ್ಲೌಸ್ ಹಾಕ್ಕೊಳ್ಳಿ."

ಅವಳು ಹಾಕಿಕೊಳ್ಳಲಿಲ್ಲ. ಎರಡು ಬೆರಳಿಂದ ರೆಪ್ಪೆ ಎಳೆದಳು. ಬೆರಳು ಕೆನ್ನೆಯ ಮೇಲೆ ಒಂದು ಕ್ಷಣ ಹೆಚ್ಚಿಗೆ ನಿಂತಿತು. ಅಷ್ಟೇ. ಹೊರಗೆ ಬಂದು ಬೀದಿಯ ತಿರುವು ದಾಟುವವರೆಗೂ ನೆಟ್ಟಗೆ ನಡೆದಳು. ಆಮೇಲಿನದನ್ನು ನಾನು ಹೇಳಲಾರೆ.

ಇಸ್ತ್ರಿ ಅಣ್ಣ ಭಾನುವಾರ ನನ್ನ ಮನೆಗೆ ಬಂದು ಹೊಸ್ತಿಲಲ್ಲೇ ಕೂತ.

"ನಾನು ಪಂಚ್ ಮಾಡಿದ್ದು ತಪ್ಪಾಯ್ತಾ ಮಾಮ? ಪೊಲೀಸ್ ಸ್ಟೇಷನ್ನಿಗೆ ಹೋಗಿ ಒಪ್ಕೊಳ್ಲಾ?"

"ಒಪ್ಕೊಂಡು? ಹತ್ತು ಜನರ ಮನೆ ಮುರೀತೀಯಾ?"

"ಮತ್ತೆ ನಾನೇನು ಮಾಡ್ಲಿ?"

ಆ ಮೂರು ಹಾಜರಿ ಇಲ್ಲದಿದ್ದರೆ ಮಗುವಿಗೆ ಶಾಲೆ ಇಲ್ಲ. ಆ ಮೂರು ಹಾಜರಿ ಇಲ್ಲದಿದ್ದರೆ ನಾನು ಅವನ ಹೆಸರು ಬರೆದು, ಅವನನ್ನು ಮನೆಗೆ ತಂದು, ಎಲ್ಲರ ಎದುರು ಅಳಬಹುದಿತ್ತು. ಅದೇ ಕೈ ಕೊಟ್ಟಿತು, ಅದೇ ಕೈ ಕಿತ್ತುಕೊಂಡಿತು. ಇಸ್ತ್ರಿ ಅಣ್ಣನಿಗೆ ನೀರು ಕೊಟ್ಟೆ. ಕುಡಿದು ಡ್ಯೂಟಿಗೆ ಹೋದ. ಅವನಿಗೂ ಇನ್ನು ಏಳು ತಿಂಗಳು ಬಾಕಿ.

ಹದಿನೈದು ದಿನ ಯಾರೂ ಬರಲಿಲ್ಲವೆಂದು ನಗರಸಭೆಯವರು ಅಳಿಯನನ್ನು ಊರ ಹೊರಗಿನ ಮೈದಾನದಲ್ಲಿ ಹೂಳಿದರು. ಒಂದು ಕಂಬಿ, ಅದಕ್ಕೆ ಒಂದು ನಂಬರು. ನಾನು ತಂತಿ ಬೇಲಿಯ ಹೊರಗೆ ಬಸ್ಸಿಗೆ ಕಾಯುವವನ ಹಾಗೆ ನಿಂತಿದ್ದೆ. ಕೈ ಮುಗಿಯುವಂತಿರಲಿಲ್ಲ. ಹೊದ್ದ ಶಾಲಿನೊಳಗೆ ಎರಡೂ ಕೈ ಹುದುಗಿಸಿ, ಒಳಗೇ ಬೆರಳಿಗೆ ಬೆರಳು ಒತ್ತಿಕೊಂಡೆ. ನೀನು ನೋಡಿದೆಯೋ ಇಲ್ಲವೋ.

ಮೊನ್ನೆ ಪೋಸ್ಟು ಬಂತು. ಮೂರು ಪಿಆರ್ ಕಾರ್ಡು. ತಾಯಿಗೊಂದು, ಮಗಳಿಗೊಂದು, ಅವನಿಗೊಂದು. ಫೋಟೋದಲ್ಲಿ ಅವನು ನಗುತ್ತಿದ್ದಾನೆ. ಅವಳು ಅದನ್ನು ಆ ಹೊಸ ಅಂಗಿಯ ಜೇಬಿನಲ್ಲಿಟ್ಟು ಗುಂಡಿ ಹಾಕಿದಳು. ನಾನು ಫೈಲು ಕಟ್ಟುವುದನ್ನು ನಿಲ್ಲಿಸಿದ್ದೇನೆ. ಮಗು ಈಗಲೂ ದಿನ ಬಿಟ್ಟು ದಿನ ಹಣೆಗೆ ಬೆರಳು ಮುಟ್ಟಿಸುತ್ತದೆ. ನಾವಿಬ್ಬರೂ ಅಂಗೈ ಉಜ್ಜುತ್ತೇವೆ.

ಭಗವಂತಾ, ಆ ರಿಜಿಸ್ಟರಿನಲ್ಲಿ ನಾನು ಅವನ ಹೆಸರು ಬರೆಯಲಿಲ್ಲ. ನಿನ್ನದರಲ್ಲಿ ನೀನು ಬರೆದುಕೋ. ಶನಿವಾರ, ಸಂಜೆ ಏಳು ನಲವತ್ತು. ಅದು ನಿಜವಾದ ತಾರೀಖು. ನನ್ನ ಹೆಸರಿನ ಮುಂದೆ ಏನು ಬರೆಯುತ್ತೀಯೋ ಬರೆ. ನಾನು ಅಪೀಲು ಹಾಕುವುದಿಲ್ಲ.

ಅವನ ಆತ್ಮಕ್ಕೆ ಶಾಂತಿ ಕೊಡು. ಒಂದು ಒಳ್ಳೆ ಹಾಸಿಗೆ ಕೊಡು, ಬೇರೆ ಯಾರಾದರೂ ಒಗೆದದ್ದು. ಮತ್ತೆ ದಯವಿಟ್ಟು ಬೇಗ ಎಬ್ಬಿಸಬೇಡ...

ಸತ್ತ ಮೇಲೂ ಮೂರು ದಿನ ಡ್ಯೂಟಿ ಮಾಡಿ ಬಂದಿದ್ದಾನೆ!